ತಲೆಕೆಳಗಾದ ಸಂತ ಮತ್ತು ಹಳದಿ ಕೊಡೆ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಫೆಲಿಸ್ಮೀನಾಳ ಕೈಚೀಲದೊಳಗೆ ಸಂತ ಅಂತೋನಿ ತಲೆಕೆಳಗಾಗಿ ಪ್ರಯಾಣ ಮಾಡುತ್ತಿದ್ದ. ಉಣ್ಣೆಯ ಕಾಲುಚೀಲವೊಂದರಲ್ಲಿ ಅವನನ್ನು ತಲೆ ಕೆಳಗೆ ಕಾಲು ಮೇಲೆ ಮಾಡಿ ತುರುಕಿ, ಮೇಲೆ ದಾರ ಬಿಗಿದಿದ್ದಳು. ಗೇಣುದ್ದದ ಮರದ ಮೂರ್ತಿ ಅದು, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವಳಿಗೆ ಬಂದದ್ದು. ಅವನ ತೋಳಿನ ಮೇಲೆ ಕೂರಬೇಕಾದ ಬಾಲಯೇಸು ಮಾತ್ರ ಅಲ್ಲಿರಲಿಲ್ಲ. ಹೆಬ್ಬೆರಳಿನಷ್ಟಿದ್ದ ಆ ಮಗುವನ್ನು ಅವಳು ಹಿಂದಿನ ವಾರವೇ ಕಿತ್ತು, ಕರವಸ್ತ್ರದಲ್ಲಿ ಸುತ್ತಿ, ಕೋಟಿನ ಜೇಬಿಗೆ ಸೇರಿಸಿದ್ದಳು.

ಇದರಲ್ಲಿ ಪಾಪವೇನೂ ಇಲ್ಲ. ಮದುವೆಯಾಗಬೇಕೆಂದು ಮನಸ್ಸು ಮಾಡಿದ ಹೆಂಗಸರು ವಿಲಾರ್ ಊರಿನಲ್ಲಿ ಮಾಡುವುದೇ ಹೀಗೆ. ಗಂಡು ಕೂಡಿಸಿಕೊಡುವ ಖಾತೆ ಸಂತ ಅಂತೋನಿಯದು, ಆದರೆ ಆಸಾಮಿ ಸ್ವಲ್ಪ ಮೈಗಳ್ಳ. ಮೇಣದಬತ್ತಿಗೆಲ್ಲ ಕದಲುವವನಲ್ಲ. ಗೋಡೆಗೆ ಮುಖ ಮಾಡಿಸಿ ನಿಲ್ಲಿಸಬೇಕು, ತಲೆಕೆಳಗು ಮಾಡಬೇಕು, ಅದಕ್ಕೂ ಜಗ್ಗದಿದ್ದರೆ ಮಗುವನ್ನು ಕಿತ್ತುಕೊಂಡು ‘ಗಂಡ ಬಂದ ದಿನ ಮಗು ವಾಪಸ್ಸು’ ಎಂದು ಹೇಳಿಬಿಡಬೇಕು. ಹರೆಯದಲ್ಲಿ ಫೆಲಿಸ್ಮೀನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅವನನ್ನು ಬಾವಿಯಲ್ಲಿ ಮುಳುಗಿಸಿಟ್ಟಿದ್ದಳು. ಗಂಡ ಸಿಕ್ಕಿದ್ದೇನೋ ಸಿಕ್ಕಿದ. ಆದರೆ ಬದುಕಿದ್ದಷ್ಟು ಕಾಲವೂ ನೆಗಡಿ ಬಿಡದ, ತುಟಿ ಎರಡು ಮಾಡದ ಗಂಡ. ನೀರು ಜಾಸ್ತಿಯಾಯಿತೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಅವನು ತೀರಿಕೊಂಡು ವರ್ಷಗಳೇ ಆಗಿದ್ದವು. ಈ ಸಲ ಅವಳು ಬಾವಿಯ ಹತ್ತಿರವೂ ಹೋಗಲಿಲ್ಲ.

ಈ ಸಲದ ಗಂಡು ಅದೇ ಬಸ್ಸಿನಲ್ಲಿ, ನಾಲ್ಕು ಸೀಟು ಮುಂದೆ, ಮಡಿಲಲ್ಲಿ ಅಕಾರ್ಡಿಯನ್ ವಾದ್ಯ ಇಟ್ಟುಕೊಂಡು ಕೂತಿದ್ದ. ಹೆಸರು ಆದೆಲೀನೋ, ಎಪ್ಪತ್ತು ದಾಟಿದ ವಿಧುರ, ಕಸುಬಿನಲ್ಲಿ ಬಡಗಿ. ಅವಳು ಮೇಕೆ ಹಾಲಿನ ಚೀಸು ಮಾಡಿ ತಟ್ಟೆಯಲ್ಲಿ ಕಳಿಸಿದರೆ ಅವನು ತಟ್ಟೆ ತೊಳೆದು, ಅದರ ತುಂಬ ಅಂಜೂರ ಹಾಕಿ ವಾಪಸ್ಸು ತರುತ್ತಿದ್ದ. ಗೇಟಿನ ಹತ್ತಿರ ನಿಂತು ‘ಗಾಳಿ ಜೋರಾಗಿದೆ’ ಅನ್ನುತ್ತಿದ್ದ. ಇವಳು ‘ಹೌದು, ಜೋರಾಗಿದೆ’ ಅನ್ನುತ್ತಿದ್ದಳು. ಎಷ್ಟೋ ವರ್ಷಗಳಿಂದ ಇವರಿಬ್ಬರೂ ಗಾಳಿಯನ್ನು ದಾಟಿ ಮುಂದೆ ಹೋಗಿರಲಿಲ್ಲ.

ಈಗ ನೋಡಿದರೆ ಅವನ ಪೆಟ್ಟಿಗೆ ಬಸ್ಸಿನ ಹೊಟ್ಟೆಯಲ್ಲಿತ್ತು. ಊರಿನವರೆಲ್ಲ ಬೆಳಗ್ಗೆ ಹೊರಟು ಲಿಸ್ಬನ್ ನೋಡಿ ಸಂಜೆ ವಾಪಸ್ಸು ಬರುವವರು, ಆದೆಲೀನೋ ಒಬ್ಬ ಅಲ್ಲೇ ಉಳಿಯುವವನು. ಲಿಸ್ಬನ್ನಿನಲ್ಲಿದ್ದ ಅವನ ಅಕ್ಕ ಹೊರ್ತೆನ್ಸಿಯಾ ಪ್ರತಿ ಭಾನುವಾರ ಫೋನು ಮಾಡಿ ಮಾಡಿ ಅವನನ್ನು ಒಪ್ಪಿಸಿದ್ದಳು. ಅವಳ ಮನೆಗೆ ಲಿಫ್ಟಿತ್ತು. ಎದುರು ಮನೆಯಲ್ಲಿ ಗಿಳಿ ಸಾಕಿದ ವಿಧವೆಯೊಬ್ಬಳೂ ಇದ್ದಳಂತೆ. ಆ ಗಿಳಿಯ ವಿಷಯ ಕೇಳಿದ ದಿನವೇ ಫೆಲಿಸ್ಮೀನಾ ಬಾಲಯೇಸುವನ್ನು ಕಿತ್ತದ್ದು.

ಪಕ್ಕದಲ್ಲಿ ಕೂತಿದ್ದ ಗೆಳತಿ ಗ್ರಾಸಿಂದಾಳಿಗೆ ಕಿವಿ ಮಂದ, ಬಾಯಿ ಚುರುಕು. “ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ಅದು ಹತ್ತು ವರ್ಷ ತಡವಾಗಿ ಬಂದಿದೆ ಕಣೇ,” ಎಂದಳು. “ಅಷ್ಟು ಆಸೆ ಇದ್ರೆ ಎದ್ದು ಹೋಗಿ ಅವನನ್ನೇ ಕೇಳು. ನಾಕು ಸೀಟು ದಾಟಿದ್ರೆ ಆಯ್ತು.”

“ನಾನೇ ಬಾಯಿ ಬಿಟ್ಟು ಕೇಳೋದಾ? ಹಾಗಾದ್ರೆ ಈ ಸಂತ ಯಾತಕ್ಕಿರೋದು?” ಎಂದಳು ಫೆಲಿಸ್ಮೀನಾ.

ಅವಳ ಲೆಕ್ಕಾಚಾರ ಸರಳವಾಗಿತ್ತು. ಸಂತ ಅಂತೋನಿ ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಅವನು ಹುಟ್ಟಿದ ಜಾಗದ ಮೇಲೇ ಚರ್ಚು ಕಟ್ಟಿದ್ದಾರೆ, ನೆಲಮಾಳಿಗೆಗೆ ಇಳಿದರೆ ಅದೇ ಕೋಣೆ. ಊರಿನ ಮೂರ್ತಿಯನ್ನು ಅಲ್ಲಿಗೇ ಹೊತ್ತುಕೊಂಡು ಹೋಗಿ, ಅವನ ತೌರಿನಲ್ಲೇ ಅವನ ಮಾನ ಕಳೆದರೆ ಸಂಜೆಯೊಳಗೆ ಕೆಲಸ ಆಗಲೇಬೇಕು. ಆದೆಲೀನೋ ಬಸ್ಸು ಬಿಟ್ಟು ಹೋಗಬಾರದು. ಬೇರೇನೂ ಅವಳಿಗೆ ಬೇಕಿರಲಿಲ್ಲ.

ಲಿಸ್ಬನ್ನಿನಲ್ಲಿ ಅವರನ್ನು ಎದುರುಗೊಂಡ ಗೈಡ್ ಹುಡುಗಿಯ ಹೆಸರು ಬೆನೆದಿತಾ. ಕೈಯಲ್ಲಿ ಹಳದಿ ಕೊಡೆ, ಕತ್ತಿನಲ್ಲಿ ಮೈಕು. ಇತಿಹಾಸದಲ್ಲಿ ಪದವಿ ಪಡೆದವಳು. ಕಾಲೇಜು ಮುಗಿಸಿದವರನ್ನೆಲ್ಲ ಡಾಕ್ಟರ್ ಎನ್ನುವುದು ಆ ದೇಶದ ವಾಡಿಕೆಯಾದ್ದರಿಂದ ಊರಿನವರೂ ಹಾಗೇ ಕರೆದರು.

“ಡಾಕ್ಟರಮ್ಮ, ಹೇಗೂ ಡಾಕ್ಟರಾಗಿದೀರಿ, ನನ್ನ ಈ ಮಂಡಿ ಒಂಚೂರು ನೋಡಿ,” ಎಂದು ಗ್ರಾಸಿಂದಾ ಲಂಗ ಎತ್ತಿ ಮುಂದೆ ಬಂದಳು. ಬೆಳಗ್ಗೆಯೇ ಬಸ್ಸಿನ ತುಂಬ ನಗು.

ಬೆನೆದಿತಾ ನಗಲಿಲ್ಲ. “ಎಲ್ಲರೂ ಕೇಳಿ. ಈ ಊರಲ್ಲಿ ಗಲ್ಲಿ ಒಳಗೆ ಗಲ್ಲಿ. ನನ್ನ ಮುಖ ನೋಡ್ಬೇಡಿ, ದಾರಿ ನೋಡ್ಬೇಡಿ, ಈ ಹಳದಿ ಕೊಡೆ ಮಾತ್ರ ನೋಡಿ. ಕೊಡೆ ಎಲ್ಲಿಗೆ ಹೋಗುತ್ತೋ ನೀವೂ ಅಲ್ಲಿಗೆ. ಕೊಡೆ ಬಿಟ್ಟವರು ಕೆಟ್ಟರು, ತಿಳೀತಾ?”

ತಿಳಿಯಿತು. ಹಳ್ಳಿಯ ಜನ ಹೇಳಿದ ಮಾತು ಕೇಳುವವರು. ಮೊದಲು ಹೋದದ್ದು ಹಳೆಯ ಕ್ರೈಸ್ತ ಮಠಕ್ಕೆ; ಅದರ ಕಂಬಗಳ ನಡುವೆ ಅವಳು ರಾಜರ ಕತೆಯ ಮೇಲೆ ರಾಜರ ಕತೆ ಪೇರಿಸುತ್ತ ಹೋದಾಗ ಇವರೆಲ್ಲ ಕತ್ತೆತ್ತಿ ಕೊಡೆಯನ್ನೇ ನೋಡಿದರು. ಕಂಬಗಳನ್ನು ನೋಡಿದವನು ಆದೆಲೀನೋ ಒಬ್ಬನೇ, ಅದೂ ಕಲ್ಲಿನಲ್ಲಿ ಹಗ್ಗದ ಗಂಟು ಕೆತ್ತಿದವನ ಉಳಿ ಎಂಥದ್ದಿರಬಹುದೆಂದು ಯೋಚಿಸುತ್ತ. ಫೆಲಿಸ್ಮೀನಾ ಅವನ ಪಕ್ಕಕ್ಕೇ ಹೋಗಿ ನಿಂತಳು.

“ಗಾಳಿ ಇಲ್ಲ ಇಲ್ಲಿ,” ಎಂದ ಆದೆಲೀನೋ.

“ಹೌದು, ಇಲ್ಲ,” ಎಂದಳು ಅವಳು. ಅವಳಿಗೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು.

ಊಟಕ್ಕೆ ಬೆನೆದಿತಾ ಅರ್ಧ ಗಂಟೆ ಕೊಟ್ಟಿದ್ದಳು. ಪಾಪ, ವಿಲಾರ್‌ನವರು ಊಟ ಮಾಡುವುದನ್ನು ಅವಳು ನೋಡಿರಲಿಲ್ಲ. ನದಿಯ ದಡದ ಹುಲ್ಲಿನ ಮೇಲೆ ಮೇಜುಬಟ್ಟೆಗಳು ಹರಡಿಕೊಂಡವು. ಬಸ್ಸಿನಿಂದ ಬುಟ್ಟಿಗಳು ಇಳಿದವು. ಉಪ್ಪುಮೀನಿನ ಬೋಂಡಾ, ಹುರಿದ ಕೋಳಿ, ಹೊಗೆಗಿಟ್ಟ ಸಾಸೇಜು, ಮೊರದಗಲದ ಬ್ರೆಡ್ಡು, ಬೆತ್ತದ ಬುಟ್ಟಿಯಲ್ಲಿ ಕೂತ ವೈನಿನ ದೊಡ್ಡ ಜಾಡಿ ಎಲ್ಲ ಬಂತು. ಬಿಸಿಲು ಜೋರಾಗಿತ್ತು. ಫೆಲಿಸ್ಮೀನಾ ಕೋಟು ಬಿಚ್ಚಿ ಹುಲ್ಲಿನ ಮೇಲೆ ಎಸೆದು ಬ್ರೆಡ್ಡು ಕುಯ್ಯಲು ಕೂತಳು. ಆದೆಲೀನೋ ಮೇಜುಬಟ್ಟೆಯ ಇನ್ನೊಂದು ತುದಿ ಎಳೆದು ಸರಿಮಾಡಿದ. ಆಮೇಲೆ ಅಕಾರ್ಡಿಯನ್ ಎತ್ತಿಕೊಂಡ. ಆಮೇಲೆ ಕೇಳಬೇಕೇ? ಊರಿನ ಪಾದ್ರಿಯ ತಂಗಿಯೂ ಎದ್ದು ಕುಣಿದಳು. ಬೆನೆದಿತಾಳ ಬಾಯಿಗೆ ಯಾರೋ ಬೋಂಡಾ ತುರುಕಿದ್ದರಿಂದ ಹೊತ್ತಾಯಿತೆಂದು ಹೇಳಲೂ ಅವಳಿಗೆ ಆಗಲಿಲ್ಲ.

ಆದೆಲೀನೋ ಮಾತ್ರ ಅಂದು ಎಲ್ಲೆಲ್ಲೋ ಸ್ವರ ತಪ್ಪಿದ. ಹಾಡಿನ ಮಧ್ಯದಲ್ಲೇ ನಿಲ್ಲಿಸಿ ಬಲಗೈಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಕೋಟೆಯ ಗುಡ್ಡ ಹತ್ತುವಾಗಲೂ ಆ ಕೈ ಜೇಬಿನಿಂದ ಈಚೆಗೆ ಬರಲಿಲ್ಲ. ಸಂಧಿವಾತ ಕೆಣಕಿರಬೇಕು ಎಂದುಕೊಂಡಳು ಫೆಲಿಸ್ಮೀನಾ. ಎದುರು ಮನೆಯ ಗಿಳಿಯವಳಿಗೆ ಆ ಕೈಗೆ ಬಿಸಿ ಎಣ್ಣೆ ತಿಕ್ಕಲು ಬರುತ್ತದೆಯೋ ಇಲ್ಲವೋ.

ಕೋಟೆಯ ಮೇಲೆ ನಿಂತು ಬೆನೆದಿತಾ ಬಾಂಬು ಹಾಕಿದಳು. “ಊಟದಲ್ಲಿ ತುಂಬ ಹೊತ್ತು ಹೋಯ್ತು. ಹಾಗಾಗಿ ಸಂತ ಅಂತೋನಿ ಚರ್ಚು ಇವತ್ತಿಲ್ಲ. ಇಲ್ಲಿಂದ ಸೀದಾ ಕರಕುಶಲ ಅಂಗಡಿಗೆ. ಓಕ್ ಮರದ ತೊಗಟೆಯಿಂದ ಮಾಡಿದ ಚೀಲ, ಟೋಪಿ, ಚಪ್ಪಲಿ, ಎಲ್ಲ ಸಿಗುತ್ತೆ. ಅಲ್ಲಿಂದ ಬಸ್ಸಿಗೆ.”

“ತೊಗಟೆ ನೋಡೋಕೆ ಲಿಸ್ಬನ್ನಿಗೆ ಬರ್ಬೇಕಿತ್ತಾ?” ಎಂದು ಹಿಂದಿನಿಂದ ಯಾರೋ ಕೂಗಿದರು. “ನಮ್ಮ ಹಂದಿಗಳೇ ಅದಕ್ಕೆ ಮೈ ಉಜ್ಜುತ್ತವೆ.”

ಫೆಲಿಸ್ಮೀನಾ ನಗಲಿಲ್ಲ. ಬೆನೆದಿತಾಳ ಮುಂದೆ ಹೋಗಿ ನಿಂತಳು. “ಡಾಕ್ಟರಮ್ಮ, ನಾನು ಆ ಚರ್ಚಿಗೋಸ್ಕರನೇ ಬಂದಿದ್ದು,” ಎಂದಳು.

“ಮುಂದಿನ ವರ್ಷ ಬನ್ನಿ ಫೆಲಿಸ್ಮೀನಮ್ಮ. ಸಂತ ಎಲ್ಲಿಗೂ ಹೋಗಲ್ಲ.”

ಸಂತ ಹೋಗುವುದಿಲ್ಲ, ಸರಿ. ಹೋಗುವವನು ಬೇರೆ ಇದ್ದನಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕೆಂದು ಅವಳಿಗೆ ಅಳುವೇ ಬಂತು. ಅಷ್ಟರಲ್ಲಿ ಬೆನೆದಿತಾಳ ಫೋನು ಕೂಗಿತು. ಅಂಗಡಿಯವನದೇ. ‘ಬಂದ್ವಿ, ಬಂದ್ವಿ’ ಎನ್ನುತ್ತ ಅವಳು ಕೊಡೆಯನ್ನು ಗೋಡೆಗೆ ಒರಗಿಸಿ, ಗದ್ದಲದಿಂದ ದೂರ ಹೋಗಿ ಬೆನ್ನು ತಿರುಗಿಸಿ ನಿಂತಳು.

ಹಳದಿ ಕೊಡೆ ಒಂಟಿಯಾಗಿ ಗೋಡೆಗೆ ಒರಗಿತ್ತು. ಫೆಲಿಸ್ಮೀನಾ ಕೊಡೆಯನ್ನು ನೋಡಿದಳು. ಗ್ರಾಸಿಂದಾ ಫೆಲಿಸ್ಮೀನಾಳನ್ನು ನೋಡಿದಳು.

“ಬೇಡ ಕಣೇ,” ಎಂದಳು ಗ್ರಾಸಿಂದಾ, ಬೇಕು ಎನ್ನುವ ದನಿಯಲ್ಲಿ.

ಫೆಲಿಸ್ಮೀನಾ ಕೊಡೆಯನ್ನು ಎತ್ತಿ, ಬಿಚ್ಚಿ, ತಲೆಯ ಮೇಲಕ್ಕೆ ಹಿಡಿದು ಹೊರಟೇಬಿಟ್ಟಳು.

ಅವಳು ಹಿಂದಿರುಗಿ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಬೆಳಗ್ಗೆಯಿಂದ ಕಲಿತ ಪಾಠವನ್ನು ಊರಿನವರು ಮರೆತಿರಲಿಲ್ಲ. ಹಂದಿಯ ಮಾತು, ಸೊಸೆಯ ಮಾತು, ಮಂಡಿಯ ಮಾತು ಆಡುತ್ತಲೇ ಎಲ್ಲರೂ ಕೊಡೆಯ ಹಿಂದೆ ಸಾಲುಗಟ್ಟಿದರು. ಆಗಲೇ ಎಲ್ಲಿಂದಲೋ ಬಂದ ಎತ್ತರದ ಇಬ್ಬರು ಡಚ್ಚರೂ ಸೇರಿಕೊಂಡರು, ಅವರ ಗೈಡಿನ ಕೊಡೆಯೂ ಹಳದಿಯೇ ಆಗಿತ್ತೋ ಏನೋ. ದಾರಿ ಫೆಲಿಸ್ಮೀನಾಳಿಗೆ ಗೊತ್ತಿರಲಿಲ್ಲ. ಇಳಿಜಾರು ಇಳಿಯುತ್ತಿತ್ತು, ಅವಳೂ ಇಳಿದಳು. ಗಲ್ಲಿಯೊಂದರ ಕೊನೆಯಲ್ಲಿ ಯಾರದೋ ಒಗೆದ ಬಟ್ಟೆಗಳ ನಡುವೆ ಸಿಕ್ಕಿಹಾಕಿಕೊಂಡು, ಆ ಮನೆಯ ಹೆಂಗಸಿನಿಂದ ಬೈಸಿಕೊಂಡು, ದಾರಿಯನ್ನೂ ಅವಳಿಂದಲೇ ಕೇಳಿದಳು.

“ಸಂತ ಅಂತೋನಿನಾ? ಎಡಕ್ಕೆ ತಿರುಗಿ ಟ್ರಾಮಿನ ಹಳಿ ಹಿಡ್ಕೊಂಡು ಇಳೀರಿ,” ಎಂದ ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, “ಮೊಮ್ಮಗಳಿಗಾ?” ಎಂದಳು.

“ನನಗೇ,” ಎಂದಳು ಫೆಲಿಸ್ಮೀನಾ.

“ಭೇಷ್! ಹಾಗಾದ್ರೆ ಓಡಿ, ಬಾಗಿಲು ಹಾಕೋ ಹೊತ್ತಾಯ್ತು.”

ಚರ್ಚಿನ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಕಿರಿದಾಗಿತ್ತು. ಕೊಡೆ ಮಡಿಸಿ ಫೆಲಿಸ್ಮೀನಾ ಮುಂದೆ, ಗ್ರಾಸಿಂದಾ ಹಿಂದೆ, ಉಳಿದವರು ಮೆಟ್ಟಿಲುಗಳ ಮೇಲೆ ಒಬ್ಬರ ಬೆನ್ನಿಗೆ ಒಬ್ಬರು. ಕೆಳಗೆ ಗವಿಯಂಥ ಪುಟ್ಟ ಕೋಣೆ, ಮೇಣದ ವಾಸನೆ. ಫೆಲಿಸ್ಮೀನಾ ದಾರ ಬಿಚ್ಚಿ, ಮರದ ಸಂತನನ್ನು ಕಾಲು ಹಿಡಿದು ತೂಗಾಡಿಸುತ್ತ ಈಚೆಗೆ ತೆಗೆದಳು.

“ಏನಂದೆ? ಜೋರಾಗಿ ಹೇಳೇ,” ಎಂದಳು ಗ್ರಾಸಿಂದಾ.

“ಇನ್ನೂ ಏನೂ ಅಂದಿಲ್ಲ!” ಫೆಲಿಸ್ಮೀನಾ ಗೆಳತಿಗೂ ಕೇಳಲೆಂದು ದನಿ ಎತ್ತಿದಳು. “ನೋಡಪ್ಪಾ ಅಂತೋನಿ. ನೀನು ಹುಟ್ಟಿದ ಮನೆಗೇ ಬಂದಿದೀನಿ. ನಿನ್ನ ನೆಂಟರ ಮುಂದೆ ನಿನ್ನ ಮರ್ಯಾದೆ ತೆಗೀತೀನಿ. ನನಗೆ ಯಾವನೋ ಒಬ್ಬ ಗಂಡ ಬೇಡ. ಆದೆಲೀನೋನೇ ಬೇಕು. ಅವನು ಗೇಟಿನ ಹತ್ರ ಬಂದು ಗಾಳಿ ಜೋರಾಗಿದೆ ಅಂತಾನಲ್ಲ, ಅದು ನನಗೆ ದಿನಾ ಬೇಕು. ಅವನಿಲ್ದೆ ಇದ್ರೆ ನಾನು ಚೀಸು ಯಾರಿಗೆ ಮಾಡ್ಲಿ? ಇವತ್ತು ಅವನು ಬಸ್ಸು ಹತ್ಬೇಕು. ಹತ್ತಿಸ್ಲಿಲ್ವೋ, ನಿನ್ನ ಮಗೂನ ನೀನು ಈ ಜನ್ಮದಲ್ಲಿ ನೋಡಲ್ಲ. ನೋಡಿಲ್ಲಿ, ನನ್ನ ಹತ್ರನೇ ಇದೆ...”

ಅವಳು ಕೋಟಿನ ಜೇಬಿಗೆ ಕೈ ಹಾಕಿದಳು. ಜೇಬು ಖಾಲಿ. ಇನ್ನೊಂದು ಜೇಬು. ಅದೂ ಖಾಲಿ. ಕೈಚೀಲವನ್ನು ನೆಲದ ಮೇಲೆ ಸುರಿದಳು. ಬಾಚಣಿಗೆ, ಜಪಮಾಲೆ, ಅರ್ಧ ಬೋಂಡಾ ಎಲ್ಲ ಬಿದ್ದವು. ಕರವಸ್ತ್ರವಿಲ್ಲ, ಬಾಲಯೇಸು ಇಲ್ಲ.

ಒತ್ತೆಯೇ ಕೈಯಲ್ಲಿಲ್ಲದ ಮೇಲೆ ಯಾರನ್ನು ಹೆದರಿಸುವುದು? ಅವಳು ತಲೆಕೆಳಗಾದ ಸಂತನ ಮುಖ ನೋಡಿದಳು. ಮೂರು ತಲೆಮಾರಿನ ಹೆಂಗಸರ ಕೈಲಿ ಪಾಡು ಪಟ್ಟ ಆ ಮುಖ ಈಗ ನಗುತ್ತಿದೆ ಎನ್ನಿಸಿತು. ಅಲ್ಲೇ ಮಂಡಿಯೂರಿ, ಮಗು ಕಳೆದುಕೊಂಡವಳಂತೆಯೇ ಬಿಕ್ಕಿ ಬಿಕ್ಕಿ ಅತ್ತಳು. ಕೋಟು ಎಸೆದಾಗ ಹುಲ್ಲಿನಲ್ಲಿ ಬಿತ್ತೋ, ಗುಡ್ಡ ಹತ್ತುವಾಗ ಬಿತ್ತೋ. ಈಗ ನಾಯಿ ಅಗಿಯುತ್ತಿರಬಹುದು. ಇನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು?

“ನನ್ನ ಕೊಡೆ!” ಎಂದು ಮೇಲಿನಿಂದ ಕೂಗು ಕೇಳಿತು.

ಬೆನೆದಿತಾ ಜನರನ್ನು ಸರಿಸುತ್ತ ಇಳಿದು ಬಂದಳು. ಕೂದಲು ಕೆದರಿತ್ತು, ಮೈಕು ಬೆನ್ನಿಗೆ ಹೋಗಿತ್ತು. ಬೈಯಲು ಬಾಯಿ ತೆರೆದವಳು ನೆಲದ ಮೇಲಿದ್ದ ಮುದುಕಿಯನ್ನೂ ಅವಳ ಕೈಯಲ್ಲಿದ್ದ ಮೂರ್ತಿಯನ್ನೂ ನೋಡಿ ಬಾಯಿ ಮುಚ್ಚಿದಳು. ವಿವರಿಸುವ ಅಗತ್ಯವಿರಲಿಲ್ಲ. ಲಿಸ್ಬನ್ನಿನ ಹುಡುಗಿಗೂ ಅಜ್ಜಿ ಇದ್ದಳಲ್ಲ.

“ಏಳಿ ಫೆಲಿಸ್ಮೀನಮ್ಮ, ಬಸ್ಸು ಕಾಯ್ತಿದೆ,” ಎಂದು ತೋಳು ಹಿಡಿದೆತ್ತಿದಳು. ಮೆಟ್ಟಿಲು ಹತ್ತುವಾಗ ಕಿವಿಯ ಹತ್ತಿರ ಬಾಗಿ, “ಮಗು ಕಿತ್ಕೊಂಡ್ರೆ ನಿಜವಾಗ್ಲೂ ಕೆಲಸ ಆಗುತ್ತಾ?” ಎಂದು ಕೇಳಿದಳು.

“ಕಳ್ಕೋಬಾರ್ದು ಅಷ್ಟೇ,” ಎಂದಳು ಫೆಲಿಸ್ಮೀನಾ ಮೂಗು ಒರೆಸಿಕೊಳ್ಳುತ್ತ.

ನದಿಯ ದಡದಲ್ಲಿ ಬಸ್ಸು ನಿಂತಿತ್ತು. ಅದರ ಪಕ್ಕದಲ್ಲೇ ಟ್ಯಾಕ್ಸಿ, ಟ್ಯಾಕ್ಸಿಯ ಪಕ್ಕ ಹೊರ್ತೆನ್ಸಿಯಾ. ತುಟಿಗೆ ಬಣ್ಣ, ಕೈಯಲ್ಲಿ ಬೀಸಣಿಗೆ. “ಎಷ್ಟು ಹೊತ್ತು ಕಾಯ್ಲಿ? ಮೀಟರು ಓಡ್ತಿದೆ! ಪೆಟ್ಟಿಗೆ ತಗೊಂಡು ಬಾರೋ!” ಎಂದು ತಮ್ಮನನ್ನು ನೋಡಿದ ಕೂಡಲೇ ಶುರು ಮಾಡಿದಳು.

ಡ್ರೈವರು ಬಸ್ಸಿನ ಹೊಟ್ಟೆ ತೆಗೆದ. ಆದೆಲೀನೋ ಎಡಗೈಯಲ್ಲಿ ಪೆಟ್ಟಿಗೆ ಎಳೆದುಕೊಂಡ. ಫೆಲಿಸ್ಮೀನಾ ನೋಡಲಾರದೆ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಸಂತನನ್ನು ಮತ್ತೆ ತುರುಕಿದ್ದ ಕೈಚೀಲವನ್ನು ಎದೆಗೊತ್ತಿಕೊಂಡಳು. ಕಣ್ಣು ಮುಚ್ಚಿಕೊಂಡಿದ್ದಳು. ಆದರೆ ಕಿಟಕಿ ತೆರೆದಿತ್ತು.

“ಅಕ್ಕಾ, ನಾನು ಬರೋಕಾಗಲ್ಲ,” ಎನ್ನುವುದು ಕೇಳಿಸಿತು.

“ಯಾಕಂತೆ?”

“ಒಂದು ಮಗು ನನ್ನ ಜವಾಬ್ದಾರಿಗೆ ಬಂದಿದೆ.”

ಹೊರ್ತೆನ್ಸಿಯಾಳ ಬೀಸಣಿಗೆ ನಿಂತುಹೋಯಿತು. “ಮಗುವಾ? ಈ ವಯಸ್ಸಲ್ಲಾ? ಅಯ್ಯೋ ನನ್ನ ಕರ್ಮವೇ, ಯಾವಳೋ ಅವಳು?”

ಆದೆಲೀನೋ ಮಧ್ಯಾಹ್ನದಿಂದ ಜೇಬಿನಲ್ಲೇ ಇದ್ದ ಬಲಗೈಯನ್ನು ಈಚೆಗೆ ತೆಗೆದ. ಕೈಯಲ್ಲಿ ಕರವಸ್ತ್ರ, ಕರವಸ್ತ್ರದಲ್ಲಿ ಹೆಬ್ಬೆರಳಿನಷ್ಟು ಬಾಲಯೇಸು. ಹೊರ್ತೆನ್ಸಿಯಾ ಅದನ್ನು ನೋಡಿದಳು. ಅವಳೂ ವಿಲಾರ್‌ನಲ್ಲಿ ಹುಟ್ಟಿ ಬೆಳೆದವಳು, ಗಂಡನನ್ನು ಗಿಟ್ಟಿಸಿಕೊಂಡದ್ದೂ ಹಾಗೆಯೇ. ತಮ್ಮನ ಕೆನ್ನೆಗೆ ಎರಡು ಮುತ್ತು ಕೊಟ್ಟು, “ಎದುರು ಮನೆಯವಳಿಗೆ ನಾನೇನು ಹೇಳ್ಲೋ ದರಿದ್ರ?” ಎನ್ನುತ್ತ ಟ್ಯಾಕ್ಸಿ ಹತ್ತಿದಳು.

ಪೆಟ್ಟಿಗೆ ಮತ್ತೆ ಬಸ್ಸಿನ ಹೊಟ್ಟೆ ಸೇರಿತು. ಆದೆಲೀನೋ ತನ್ನ ಸೀಟು ದಾಟಿ ಹಿಂದಕ್ಕೆ ಬಂದ. ಗ್ರಾಸಿಂದಾ, ಮಂಡಿ ನೋವನ್ನೆಲ್ಲ ಮರೆತು, ಚಂಗನೆ ಎದ್ದು ಜಾಗ ಬಿಟ್ಟಳು.

“ಮೇಜುಬಟ್ಟೆ ಕೆಳಗೆ ಸಿಕ್ತು,” ಎಂದ ಅವನು ಕೂತುಕೊಳ್ಳುತ್ತ. “ಕರವಸ್ತ್ರ ನೋಡಿ ನಿಮ್ದೇ ಅಂತ ಗೊತ್ತಾಯ್ತು, ಆದ್ರೆ ಯಾರಿಗೋಸ್ಕರ ಕಿತ್ತಿದ್ದು ಅಂತ ಗೊತ್ತಾಗ್ಲಿಲ್ಲ. ನಮ್ಮೂರ ಬೇಕರಿಯವನಿಗಿರಬೇಕು ಅಂತ ಮಧ್ಯಾಹ್ನ ಎಲ್ಲ ಹೊಟ್ಟೆ ಉರ್ಕೊಂಡೆ. ಆಮೇಲೆ ಮೆಟ್ಟಿಲ ಮೇಲೆ ನಿಂತಿದ್ದಾಗ ನೀವು... ನೀನು ಅಷ್ಟು ಜೋರಾಗಿ ಹೇಳಿದ್ದು, ಆ ಡಚ್ಚರಿಗೂ ಅರ್ಥ ಆಗಿರ್ಬೇಕು.”

ಫೆಲಿಸ್ಮೀನಾ ಕಿವಿಯವರೆಗೂ ಕೆಂಪಾದಳು. ಹಿಂದಿನ ಸೀಟುಗಳಲ್ಲಿ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿರುವಂತೆ ನಟಿಸುತ್ತ ಕಿವಿ ನಿಮಿರಿಸಿಕೊಂಡಿದ್ದರು.

“ಇಷ್ಟು ವರ್ಷ ಗೇಟಿನ ಹತ್ರ ನಿಂತಿದ್ದೆ,” ಎಂದ ಅವನು. “ಒಂದ್ಮಾತು ನನ್ನನ್ನೇ ಕೇಳ್ಬಾರ್ದಿತ್ತಾ?”

“ನೀನ್ಯಾಕೆ ಕೇಳ್ಲಿಲ್ಲ?”

ಅವನು ಅವಳ ಕೈಚೀಲದ ಕಡೆ ನೋಡಿದ. “ನನ್ನ ಹತ್ರ ಸಂತ ಇರ್ಲಿಲ್ಲ.”

ಬಸ್ಸು ಹೊರಟಿತು. ರಸ್ತೆಯ ಬದಿಯಲ್ಲಿ ಬೆನೆದಿತಾ ಹಳದಿ ಕೊಡೆ ಬೀಸುತ್ತಿದ್ದಳು. ಫೆಲಿಸ್ಮೀನಾ ಅಂಗೈ ಚಾಚಿದಳು. “ತಾ ಇಲ್ಲಿ, ಮಗು.”

“ಇಲ್ಲ ಇಲ್ಲ. ಇದು ನನ್ನ ಹತ್ರನೇ ಇರ್ಲಿ. ಮದುವೆ ದಿನ ಕೊಡ್ತೀನಿ, ಪದ್ಧತಿ ಪ್ರಕಾರ,” ಎಂದು ಆದೆಲೀನೋ ಬಾಲಯೇಸುವನ್ನು ಮತ್ತೆ ಜೇಬಿಗೆ ಇಳಿಸಿದ. ಆಮೇಲೆ ಅವಳ ಕೈಚೀಲವನ್ನು ತೋರಿಸಿ, “ಆದ್ರೆ ಆ ಪುಣ್ಯಾತ್ಮನನ್ನಾದ್ರೂ ನೆಟ್ಟಗೆ ನಿಲ್ಸು ಮಾರಾಯ್ತಿ. ಕೆಲಸ ಆಯ್ತಲ್ಲ,” ಎಂದ.

ಫೆಲಿಸ್ಮೀನಾ ಕೈಚೀಲದ ಬಾಯಿ ತೆರೆದು ಒಳಗೆ ನೋಡಿದಳು. ಉಣ್ಣೆಯ ಕಾಲುಚೀಲದಿಂದ ಎರಡು ಮರದ ಪಾದಗಳು ಮೇಲಕ್ಕೆ ಚಾಚಿಕೊಂಡಿದ್ದವು. ಅವಳು ಚೀಲದ ಬಾಯನ್ನು ಮತ್ತೆ ಭದ್ರವಾಗಿ ಮುಚ್ಚಿದಳು.

“ಮದುವೆ ಆಗ್ಲಿ, ಆಮೇಲೆ ನೋಡೋಣ,” ಎಂದಳು. “ಗಂಡಸರನ್ನ ನಂಬೋಕಾಗಲ್ಲ, ಸಂತನಾದ್ರೂ ಅಷ್ಟೇ.”